ಯಾವಾಗ ಬಂದಿ, ಯಾವಾಗ ಹೋಗ್ತಿ?

ಪರದೇಶದಿಂದ ಬಂದವರನ್ನು ಕಂಡರೆ ನಮ್ಮ ಜಹೀರಾಬಾದ್ ಕಡೆ ಕೇಳುವುದು ಎರಡೇ ಪ್ರಶ್ನೆ. ‘ಯಾವಾಗ ಬಂದಿ?’ ‘ಮತ್ತ ಯಾವಾಗ ಹೋಗ್ತಿ?’ ನಡುವೆ ‘ಹ್ಯಾಂಗಿದ್ದಿ’ ಅಂತ ಕೇಳುವ ವಾಡಿಕೆ ಇಲ್ಲ. ಸೌದಿಯಿಂದ ಬಂದವನು ಛಲೋ ಇರದೆ ಇನ್ನು ಹ್ಯಾಂಗಿದ್ದಾನು ಅಂತ ಎಲ್ಲರಿಗೂ ಖಾತ್ರಿ. ಮೊದಲನೆಯದಕ್ಕೆ ಉತ್ತರ ಸಲೀಸು. ಎರಡನೆಯದಕ್ಕೆ ‘ಇನ್ನ ಹೋಗಂಗಿಲ್ರಿ, ಎಕ್ಸಿಟ್ ಹೊಡಿಸ್ಕೊಂಡು ಬಂದೀನಿ’ ಅಂದುಬಿಟ್ಟರೆ ಮಾತ್ರ ಕೇಳಿದವರ ದನಿ ತಟ್ಟನೆ ಇಳಿಯುತ್ತದೆ. ‘ಯಾಕ? ಏನಾತು? ಕಫೀಲನ ಜೋಡಿ ಜಗಳಾ ಆತೇನು?’ ಕಫೀಲ ಅಂದರೆ ಅಲ್ಲಿ ಕೆಲಸಕ್ಕೆ ಇಟ್ಟುಕೊಂಡ ಧಣಿ. ಮನುಷ್ಯ ತನ್ನ ಮನೆಗೆ ತಾನು ಬಂದದ್ದಕ್ಕೆ ಓಣಿಗೆಲ್ಲ ಕಾರಣ ಹೇಳಬೇಕು.

ನಮ್ಮ ಬಾಜೂ ಮನೆಯವನಿಗೆ ಈಗ ಅದೇ ಪಾಡು. ಹದಿನಾರು ವರ್ಷ ದಮ್ಮಾಮಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ. ಮೊಣಕಾಲು ಹಿಡಿದುಕೊಂಡವು, ಮಷೀನು ಹೊತ್ತು ಮಹಡಿ ಹತ್ತುವುದು ಇನ್ನು ಆಗದು ಅಂತ ಹೋದ ವರ್ಷ ಮಳೆಗಾಲಕ್ಕೆ ಬಂದುಬಿಟ್ಟ. ಅಲ್ಲಿದ್ದಷ್ಟು ದಿನ ಅವನು ಎಲ್ಲರ ಬಾಯಲ್ಲಿ ‘ಆಯಿಯ ಮಗ’. ಇಲ್ಲಿಗೆ ಬಂದು ನೆಲೆಸಿದ ಮೇಲೆ ‘ಸೌದಿ’ ಆದ. ‘ಸೌದಿ ಮನ್ಯಾಗ ಇದ್ದಾನೇನು?’, ‘ಸೌದಿ ಎಮ್ಮಿ ಹಿಡದಾನಂತ!’ ಈಗ ಹೆಸರು ಹಿಡಿದು ಕೂಗುವವಳು ತಾಯಿ ಒಬ್ಬಳೇ. ಹೆಂಡತಿ ಹೆಸರು ಹೇಳುವ ಪೈಕಿ ಅಲ್ಲ, ಆಕೆಗೆ ಅವನು ಮೊದಲಿಂದ ‘ಇವರು’.

ಎರಡು ಮನೆಯ ನಡುವೆ ಇರುವುದು ತಾಂಡೂರ ಫರ್ಶಿ ಗೋಡೆ. ಗೋಡೆ ಅಂದರೆ ಇಟ್ಟಂಗಿ, ಸಿಮೆಂಟು ಏನಿಲ್ಲ. ಸೊಂಟದೆತ್ತರದ ಫರ್ಶಿಗಳನ್ನು ಸಾಲಾಗಿ ನೆಲದಲ್ಲಿ ಹುಗಿದು ನಿಲ್ಲಿಸಿದ್ದು. ತಾಂಡೂರಿನ ನೀಲಿ ಫರ್ಶಿ, ಹಳದಿ ಫರ್ಶಿ ಲಾರಿಗಟ್ಟಲೆ ದೇಶದ ಮೂಲೆ ಮೂಲೆಗೆ ಹೋಗುತ್ತದೆ. ನಮಗೆ ಮಾತ್ರ ಫರ್ಶಿಯ ಉಪಯೋಗ ಇಷ್ಟೇ: ಬೇಲಿ, ಕಟ್ಟೆ, ಬಟ್ಟೆ ಒಗೆಯುವ ಕಲ್ಲು. ಈ ಗೋಡೆಗೆ ಮೊಳಕೈ ಊರಿ ನಾನು ಆ ಮನೆಯ ಸುದ್ದಿಯನ್ನೆಲ್ಲ ಕೇಳಿಸಿಕೊಂಡವಳು. ಕೇಳಿಸಿಕೊಂಡೆ ಅನ್ನುವುದು ಮರ್ಯಾದೆಯ ಮಾತು. ಕೆದಕಿದೆ ಅನ್ನುವುದು ಖರೆ.

ರಿಯಾಲಿನಲ್ಲಿ ಕಟ್ಟಿದ ಮನೆ ಅವರದು. ಒಳಗೆಲ್ಲ ಬೆಳ್ಳನೆ ಟೈಲ್ಸು, ಮುಖ ಕಾಣುವಂಥವು. ಫೋಟೋ ಕಳಿಸು ಅಂತ ಅಲ್ಲಿಂದಲೇ ಹೇಳಿ ಹೇಳಿ, ಅಂಗಡಿಯವನಿಗೆ ಫೋನು ಹಚ್ಚಿ, ಆರಿಸಿದ್ದು ಅವನೇ. ಮೊದಲ ಮಳೆಗಾಲಕ್ಕೇ ಆಯಿ ಅದರ ಮೇಲೆ ಜಾರಿ ಬಿದ್ದಳು. ಅಂದಿನಿಂದ ಆಕೆಯ ಕಾರುಬಾರೆಲ್ಲ ಹೊರಗಿನ ಫರ್ಶಿ ಕಟ್ಟೆ ಮೇಲೆ. ಮಗ ಬಂದ ವಾರಕ್ಕೆ ತಾಯಿಯನ್ನು ಒಳಗೆ ಕರೆದ, ಸೋಫಾ ತೋರಿಸಿದ, ಎಸಿ ಹಾಕಿದ. ಆಯಿ ಐದು ನಿಮಿಷ ಕೂತು, ಸೆರಗು ಹೊದ್ದುಕೊಂಡು ಹೊರಗೆ ಬಂದಳು. ‘ಎಪ್ಪಾ, ನಿನ್ನ ಮನಿ ಭಾಳ ಛಲೋ ಅದ. ನಂಗ ಥಂಡಿ ಬರ್ಲತ್ತದ.’ ಹದಿನಾರು ವರ್ಷ ಊರ ಮಂದಿಯ ಮನೆ ತಣ್ಣಗೆ ಮಾಡಿದವನಿಗೆ ತನ್ನ ತಾಯಿಗೆ ಎಷ್ಟು ತಂಪು ಬೇಕು ಅಂತ ಗೊತ್ತಾಗಲಿಲ್ಲ.

ಓಣಿಯಲ್ಲಿ ದೊಡ್ಡ ಗದ್ದಲ ಎಬ್ಬಿಸಿದ್ದು ಮಾತ್ರ ಗಂಗಾಳದ ಪ್ರಕರಣ. ದಮ್ಮಾಮಿನ ಕ್ಯಾಂಪಿನಲ್ಲಿ ಒಂದು ಖೋಲಿಗೆ ಆರು ಮಂದಿ, ಅಡಿಗೆ ಪಾಳಿ ಮೇಲೆ, ಉಂಡವನೇ ತೊಳೆಯಬೇಕು. ಆ ರೂಢಿಯಲ್ಲಿ ಸೌದಿ ಮೊದಲನೇ ದಿನ ಊಟವಾದ ಕೂಡಲೇ ಗಂಗಾಳ ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದ. ಆಯಿ ಎದೆ ಬಡಿದುಕೊಂಡಳು. ‘ನಾ ಇನ್ನಾ ಜೀವಂತ ಇದ್ದೀನಿ, ಹೇಣ್ತಿ ಎದುರಿಗಿ ನಿಂತಾಳ, ಗಂಡಸ ಮಗಾ ಮುಸುರಿ ತಿಕ್ಕತಾನ!’ ಹೆಂಡತಿಗೂ ಮೊದಮೊದಲು ನಾಚಿಕೆ. ಕಸಿದುಕೊಳ್ಳಲು ಹೋಗುವಳು, ಇವನು ಬಿಡ. ಬೂದಿಯ ಕಾಲ ಹೋಯಿತು, ಸ್ಕ್ರಬ್ಬರಿನಿಂದ ಅಂಚಿನ ಒಳಗೆಲ್ಲ ತಿಕ್ಕಿ, ಬೋರಲು ಹಾಕಿ, ಕೈ ಒರೆಸಿಕೊಂಡು ಬರುವನು. ನೋಡಿದರೆ ನಾವು ತಿಕ್ಕಿದ್ದಕ್ಕಿಂತ ಹಸನು. ಸ್ವಲ್ಪ ದಿನ ಕಳೆಯುವುದರಲ್ಲಿ ಆ ಮನೆಯಾಕೆ ನಾಚಿಕೆ ಬಿಟ್ಟು, ‘ರೀ, ಅದರ ಜೋಡಿ ನಂದೂ ಒಂದು ಹಾಕ್ಕೊಳ್ರಿ’ ಅನ್ನತೊಡಗಿದಳು. ಗೋಡೆ ಈಚೆಗೆ ನಮ್ಮವರು ಕುರ್ಚಿಯನ್ನು ಆ ಮನೆ ಕಾಣದ ಹಾಗೆ ಈ ಕಡೆ ತಿರುವಿ ಹಾಕಿಕೊಂಡರು. ಇಂಥದ್ದೆಲ್ಲ ಕಣ್ಣಿಗೆ ಬೀಳಬಾರದು, ಹೆಂಡತಿಯ ಕಣ್ಣಿಗಂತೂ ಬೀಳಲೇಬಾರದು.

ಮಂದಿ ಏನಂತಾರೆ, ಪರದೇಶದಿಂದ ಬಂದವನಿಗೆ ಊರಿಗೆ ಹೊಂದಿಕೊಳ್ಳುವುದು ಕಷ್ಟ ಅಂತ. ಗೋಡೆಗೆ ನಿಂತು ನೋಡಿದವಳು ನಾನು, ನನಗೆ ಹಾಗೆ ಕಾಣುವುದಿಲ್ಲ. ಹೊಂದಿಕೊಳ್ಳುವ ಕಷ್ಟ ಬಂದವನಿಗಲ್ಲ, ಇದ್ದವರಿಗೆ. ಆ ಮನೆಯಾಕೆ ಒಂದು ದಿನ ಮೊರದಲ್ಲಿ ತೊಗರಿ ಬ್ಯಾಳಿ ಹಸನು ಮಾಡುತ್ತಾ ಲೆಕ್ಕ ಹೇಳಿದಳು: ‘ಅಕ್ಕಾ, ಇವರಿಗಿ ಎರಡು ವರ್ಷಕ್ಕೊಂದು ರಜಾ. ಹದಿನಾರು ವರ್ಷದಾಗ ಏಳು ಸಲ ಬಂದಾರ. ಬಂದಾಗ ಎರಡು ತಿಂಗಳು. ಏಳೆರಡ್ಲೆ ಹದಿನಾಲ್ಕು. ಇವರು ಹೋದ ಮ್ಯಾಲ ನಾವು ಕೂಡಿ ಬಾಳ್ವಿ ಮಾಡಿದ್ದು ಒಂದೂವರಿ ವರ್ಷಾನೂ ಇಲ್ಲ. ಮಗಾ ಹತ್ತನೇತ್ತ ಪಾಸಾದ, ನಾವು ಇನ್ನಾ ಹೊಸಾ ಜೋಡಿನೇ ನೋಡ್ರಿ.’ ಹೇಳಿ ನಕ್ಕಳು. ನಾನೂ ನಕ್ಕೆ. ಬ್ಯಾಳಿಯಲ್ಲಿ ಹಳ್ಳು ಹುಡುಕುವ ಕೈ ಮಾತ್ರ ಆಕೆ ನಿಲ್ಲಿಸಲಿಲ್ಲ.

ಆ ಹದಿನಾರು ವರ್ಷ ಆ ಮನೆಯ ಯಜಮಾನಿಕೆ ಆಕೆಯದು. ಬ್ಯಾಂಕಿನ ಪಾಸ್‌ಬುಕ್ಕು, ಡ್ವಾಕ್ರಾ ಮಹಿಳಾ ಸಂಘದ ಕಂತು, ಹೊಲ ಪಾಲಿಗೆ ಹಾಕುವುದು, ಅಲ್ಲದ ಬೀಜಕ್ಕೆ ದರ ಕಟ್ಟುವುದು, ಕರೆಂಟು ಹೋದರೆ ಲೈನ್‌ಮನ್‌ನನ್ನು ಹಿಡಿದು ತರುವುದು, ಮಗನ ಫೀಸು, ಅತ್ತೆಯ ಬಿಪಿ ಗುಳಿಗೆ. ಮನೆ ಕಟ್ಟುವಾಗ ಗೌಂಡಿಯ ಜೊತೆ ಬಿಸಿಲಲ್ಲಿ ನಿಂತವಳೂ ಆಕೆಯೇ. ಈಗ ಅವನು ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತು, ‘ಎಣ್ಣಿ ಇಷ್ಟ ಲಗೂ ಹ್ಯಾಂಗ ಮುಗೀತು?’ ಅಂದರೆ ಹ್ಯಾಂಗಾದೀತು? ‘ನಮ್ಮ ಅಡಗಿ ಮನಿಗಿ ಸೂಪರ್ವೈಜರ್ ಬ್ಯಾಡ್ರಿ’ ಅಂದಳಂತೆ. ನ್ಯಾಯವೇ. ಮನೆಗೆ ಬಂದ ದುಡ್ಡು ಅವನದು, ನಡೆದ ಮನೆ ಆಕೆಯದು.

ಮಗನದು ಇನ್ನೊಂದು ಥರ. ಅವನು ಅಪ್ಪನನ್ನು ಕಂಡದ್ದೇ ಫೋನಿನಲ್ಲಿ. ರಾತ್ರಿ ಊಟದ ಹೊತ್ತಿಗೆ ಇಮೋ ಹಚ್ಚಿ, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸುವರು. ಅಲ್ಲಿ ಇನ್ನೂ ಸಂಜೆ, ನಮಗಿಂತ ಎರಡೂವರೆ ತಾಸು ಹಿಂದೆ. ಹುಡುಗ ಮುಖ ತೋರಿಸಿ, ‘ಹೂಂ ಪಪ್ಪಾ, ಊಟಾತು, ಸಾಳಿ ಛಲೋ ನಡದದ, ಮಮ್ಮಿಗಿ ಕೊಡ್ತೀನಿ’ ಅಂತ ನಾಲ್ಕು ಮಾತು ಒಪ್ಪಿಸಿ ಆಟಕ್ಕೆ ಹೋಗುವನು. ಈಗ ಅಪ್ಪ ಎದುರಿಗೆ ಚಾಪೆ ಮೇಲೆ ಕೂತು ‘ಹ್ಯಾಂಗ ನಡದದೋ?’ ಅಂದರೂ ಅದೇ ಮಾತು: ‘ಛಲೋ ನಡದದ ಪಪ್ಪಾ, ಊಟಾತು’ ಅಂದು ತಾಯಿಯ ಕಡೆ ನೋಡುತ್ತಾನೆ, ಆಕೆಯ ಕೈಗೆ ಕೊಡಲು ಫೋನು ಇಲ್ಲ ಅಷ್ಟೇ. ಇದಕ್ಕಿಂತ ಹಿಂದಿನವರದು ಹೇಳಿದರೆ ಈಗಿನವರು ನಂಬುವುದಿಲ್ಲ. 1980ರ ಸುಮಾರಿಗೆ ಕೊಲ್ಲಿ ದೇಶಕ್ಕೆ ಹೋದವರು ಟೇಪ್‌ರೆಕಾರ್ಡರ್ ಎದುರು ಕೂತು ಕ್ಯಾಸೆಟ್ ತುಂಬ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಇಲ್ಲಿ ಮನೆಮಂದಿಯೆಲ್ಲ ಕೂಡಿ ಕೇಳಿ, ಅದರ ಮೇಲೇ ಉತ್ತರ ತುಂಬಿ ವಾಪಸು ಕಳಿಸುವುದು. ಆ ಮಾತಿಗೆ ಈ ಉತ್ತರ ಮುಟ್ಟುವುದರಲ್ಲಿ ಹಸು ಕರು ಹಾಕಿರುತ್ತಿತ್ತು.

ರೊಕ್ಕದ ವಿಷಯಕ್ಕೆ ಬರೋಣ, ಯಾಕಂದರೆ ಓಣಿಯವರು ಅದಕ್ಕೇ ಬರುವುದು. ಸೌದಿಯ ಕಾಯದೆ ಪ್ರಕಾರ ನೌಕರಿ ಮುಗಿಸಿ ಬರುವವನಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕರ್ಧ ತಿಂಗಳ ಪಗಾರ, ಆಮೇಲಿನ ವರ್ಷಗಳಿಗೆ ವರ್ಷಕ್ಕೊಂದು ತಿಂಗಳ ಪಗಾರ ಇಡಿಗಂಟಾಗಿ ಸಿಗಬೇಕು. ಹದಿನಾರು ವರ್ಷಕ್ಕೆ ಕೂಡಿಸಿದರೆ ಹದಿಮೂರೂವರೆ ತಿಂಗಳ ಪಗಾರ. ಅದು ಖರೇ ಲೆಕ್ಕ. ಊರಿನ ಲೆಕ್ಕದಲ್ಲಿ ಅವನು ಕೋಟಿ ತಂದವನು. ಜಾತ್ರೆಯ ಪಟ್ಟಿಯವರು ಮೊದಲು ಬಂದರು. ಹಿಂದೆಯೇ ಅಲ್ಲದ ವ್ಯಾಪಾರಕ್ಕೆ ಪಾಲುದಾರನಾಗು ಅಂತ ಒಬ್ಬ, ಪ್ಲಾಟು ತಗೋ ಅಂತ ಇನ್ನೊಬ್ಬ, ಮಗಳ ಲಗ್ನಕ್ಕೆ ಕೈಗಡ ಅಂತ ಮತ್ತೊಬ್ಬ. ‘ಇಲ್ಲ’ ಅಂದರೆ ಸೊಕ್ಕು, ‘ಹೂಂ’ ಅಂದರೆ ಖಾಲಿ.

ಅವನು ಹೋಗುವಾಗ ಒಂದು ರಿಯಾಲಿಗೆ 12 ರೂಪಾಯಿ ಆಸುಪಾಸು, ಬರುವಾಗ 23ರ ಹತ್ತಿರ. ರಿಯಾಲು 1986ರಿಂದ ಡಾಲರಿನ ಕೊರಳಿಗೆ ಗಂಟು ಬಿದ್ದದ್ದು, ಡಾಲರಿಗೆ 3.75ರ ಮೇಲೆ ಅಲುಗಾಡಿಲ್ಲ. ಹಾಗಾಗಿ ಟಿವಿಯಲ್ಲಿ ‘ರೂಪಾಯಿ ಕುಸಿತ’ ಅಂತ ಬಂದ ದಿನ ದೇಶವೆಲ್ಲ ಚಿಂತೆ ಮಾಡಿದರೆ ಇಲ್ಲಿ, ಆ ಕಡೆ ಕರೀಂನಗರ, ನಿಜಾಮಾಬಾದಿನ ಎಷ್ಟೋ ಮನೆಗಳಲ್ಲಿ ಅಂದು ಸಿಹಿ ಅಡಿಗೆ. ಈಗ ಸೌದಿ ರೂಪಾಯಿಯಲ್ಲಿ ದುಡಿದು ರೂಪಾಯಿಯಲ್ಲಿ ಖರ್ಚು ಮಾಡುವವನು. ಮೊನ್ನೆ ಅದೇ ಸುದ್ದಿ ಬಂದಾಗ ಟಿವಿ ಬಂದ್ ಮಾಡಿ ಎದ್ದನಂತೆ.

ಆಯಿಗೆ ಮಾತ್ರ ಈ ವಿನಿಮಯದ ಗೊಂದಲ ಇಲ್ಲವೇ ಇಲ್ಲ. ಮಗ ಮೊದಲ ಸಲ ರಜೆಗೆ ಬಂದಾಗಲೇ ಕೇಳಿದ್ದಳು, ‘ನಿಮ್ಮದೊಂದಕ್ಕ ಎಷ್ಟು ಕಲ್ದಾರ್ ಕೊಡ್ತಾರ?’ ಆಕೆ ಹುಟ್ಟಿದ್ದು ನಿಜಾಮನ ಕಾಲಕ್ಕೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಸೊಲ್ಲಾಪುರದ ಪ್ಯಾಟಿಗೆ ಹೋದರೆ ಅಲ್ಲಿ ಇಂಗ್ರೇಜಿ ರೂಪಾಯಿ, ಅದಕ್ಕೆ ಕಲ್ದಾರ್ ಅನ್ನುವುದು. ಏಳು ಹಾಲಿಗೆ ಆರು ಕಲ್ದಾರ್. ಆಯಿಯ ಅಪ್ಪ ದನದ ವ್ಯಾಪಾರಕ್ಕೆ ಹೋದಾಗ ಸೊಂಟದ ಚೀಲದಲ್ಲಿ ಎರಡೂ ಥರದ ನಾಣ್ಯ ಇರುತ್ತಿತ್ತಂತೆ. ಇನ್ನೊಂದು ತಮಾಷೆ: ಆ ಹೊತ್ತಿಗೆ ಕುವೈತ್, ಬಹ್ರೈನ್, ಖತಾರ್, ದುಬೈಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ಹಿಂದೂಸ್ತಾನದ ರೂಪಾಯಿಯೇ. 1959ರಲ್ಲಿ ರಿಜರ್ವ್ ಬ್ಯಾಂಕು ಆ ದೇಶಗಳಿಗೆಂದೇ ಬೇರೆ ‘ಗಲ್ಫ್ ರೂಪಾಯಿ’ ಅಚ್ಚು ಹಾಕಿತು. 1966ರ ಹೊತ್ತಿಗೆ ಹೆಚ್ಚಿನವರು ತಮ್ಮ ತಮ್ಮ ನಾಣ್ಯ ಮಾಡಿಕೊಂಡರು. ಅಂದರೆ ದುಬೈ ರೂಪಾಯಿ ಎಣಿಸುವಾಗ ನಮ್ಮ ಜಹೀರಾಬಾದ್ ಹಾಲಿ ಎಣಿಸುತ್ತಿತ್ತು.

ಮಂದಿ ಓಡಾಟವೂ ಆಗ ಉಲ್ಟಾ. ಅರಬರು ಇಲ್ಲಿಗೆ ಪಗಾರಕ್ಕೆ ಬರುತ್ತಿದ್ದರು. ಯೆಮನ್ ಕಡೆಯ ಹದ್ರಮೌತಿನಿಂದ ಬಂದು ನಿಜಾಮನ ಫೌಜಿನಲ್ಲಿ ಸೇರಿದ ಅವರನ್ನು ಚಾವೂಶ್ ಅನ್ನುತ್ತಿದ್ದರು. ಹೈದರಾಬಾದಿನ ಬಾರ್ಕಸ್ ಅವರ ಬ್ಯಾರಕ್ಕಿದ್ದ ಜಾಗ. 1948ರಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಮುಗಿದ ಮೇಲೆ ಎಷ್ಟೋ ಮಂದಿಯನ್ನು ಹಡಗು ಹತ್ತಿಸಿ ವಾಪಸು ಕಳಿಸಿದರು. ಇಲ್ಲೇ ಹುಟ್ಟಿ, ಇಲ್ಲಿಯ ಖಾರ ಉಂಡು, ದಖನಿ ಮಾತಾಡಿ ಬೆಳೆದವರು ಹದ್ರಮೌತಿಗೆ ಇಳಿದಾಗ ಅಲ್ಲಿಯ ಓಣಿಯವರು ಏನು ಕೇಳಿದರೋ. ಉಳಿದವರು ಇಲ್ಲಿಯವರೇ ಆದರು. ಬಾರ್ಕಸಿನ ಮಂಡಿ ಅನ್ನ ಈಗ ಹೈವೇ ಹಿಡಿದು ನಮ್ಮೂರ ತನಕ ಬಂದಿದೆ. ಸೌದಿಯ ಜೊತೆ ದಮ್ಮಾಮಿನಲ್ಲಿದ್ದ ಗೆಳೆಯನೊಬ್ಬ ಮುಂಬೈ ರಸ್ತೆ ಬದಿಗೆ ಅದರದೇ ಹೋಟೆಲು ಹಾಕಿದ್ದಾನೆ. ನಮ್ಮ ಸೌದಿ ಲಿಂಗಾಯತರವ, ಅಲ್ಲಿಗೆ ಹೋದರೂ ಬರೇ ಚಹಾ ಕುಡಿದು ಹರಟಿ ಬರುತ್ತಾನೆ.

ಆ ಗೆಳೆಯನದೂ ಒಂದು ಕಥೆ. ಅವನು ಹೆಂಡತಿಯನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದ, ಮೂರು ಮಕ್ಕಳೂ ಅಲ್ಲೇ ಇದ್ದವು. ಸೌದಿ ಸರ್ಕಾರ 2017ರ ಜುಲೈಯಿಂದ ಪರದೇಶದವರ ಕುಟುಂಬದ ತಲೆಗೆ ತಿಂಗಳಿಗೆ 100 ರಿಯಾಲ್ ಹಾಕಿತು. ವರ್ಷವರ್ಷಕ್ಕೆ ನೂರು ಏರಿ 2020ಕ್ಕೆ 400 ಆಯಿತು. ನಾಲ್ಕು ತಲೆಗೆ 1600 ರಿಯಾಲ್. ಹೈದರಾಬಾದಿನ, ಕೇರಳದ, ನಮ್ಮ ಕಡೆಯ ಎಷ್ಟೋ ಕುಟುಂಬ ಆ ತೆರಿಗೆಗೆ ಅಂಜಿ ಗಂಟು ಕಟ್ಟಿದವು. ಅವನ ಮಕ್ಕಳು ಹುಟ್ಟಿದ್ದೇ ಅಲ್ಲಿ. ಅವರಿಗೆ ಜಹೀರಾಬಾದೇ ಪರದೇಶ. ಸಣ್ಣವಳು ಮೊದಲನೇ ದಿನ ಆಟೋ ಹತ್ತಿ, ‘ಅಬ್ಬಾ, ಇದರ ಬಾಗಿಲು ಎಲ್ಲಿ?’ ಅಂತ ಅತ್ತಳಂತೆ. ಈಗ ಅದೇ ಹುಡುಗಿ ಆಟೋದ ಹಿಂದೆ ಕಾಲು ಇಳಿಬಿಟ್ಟುಕೊಂಡು ಸಾಲಿಗೆ ಹೋಗುತ್ತಾಳೆ. ಮಕ್ಕಳಿಗೆ ಬೇಗ ಬರುತ್ತದೆ.

ದೊಡ್ಡವರಿಗೆ ಕೈ ಕಾಲಿನ ರೂಢಿ ಬಿಡುವುದಿಲ್ಲ. ಅಲ್ಲಿ ಬಲಗಡೆ ಗಾಡಿ ಓಡಿಸುವುದು, ಇಲ್ಲಿ ಎಡಗಡೆ. ಸೌದಿ ತಮ್ಮನ ಕಾರು ತಗೊಂಡು ಹೈವೇಗೆ ಇಳಿದವನು ತಿರುವು ಬಂದಲ್ಲೆಲ್ಲ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಿದ್ದ. ರಣರಣ ಬಿಸಿಲಲ್ಲಿ ವೈಪರ್ ಬಡಿಯುತ್ತಾ ಬರುವ ಕಾರು ಕಂಡರೆ ಬಸ್ ಸ್ಟ್ಯಾಂಡಿನ ಆಟೋದವರು, ‘ಸೌದಿ ಬಂತು, ಬಾಜೂ ಸರೀರಿ’ ಅಂತ ಜಾಗ ಬಿಡುವರು. ಪೆಟ್ರೋಲು ಹಾಕಿಸುವಾಗ ಇನ್ನೊಂದು ಸಂಕಟ. ಅವನು ಬರುವಾಗ ಅಲ್ಲಿ ಲೀಟರಿಗೆ 2.18 ರಿಯಾಲ್, ಐವತ್ತು ರೂಪಾಯಿ ಲೆಕ್ಕ. ಇಲ್ಲಿ ಆಗ ನೂರು ದಾಟಿ ಏಳು. ನಮ್ಮವರು ಅವನಿಗೆ ಗಡಿಯ ವಿದ್ಯೆ ಕಲಿಸಿದರು: ಬೀದರ ರಸ್ತೆ ಹಿಡಿದು ಕರ್ನಾಟಕಕ್ಕೆ ಕಾಲಿಟ್ಟ ಕೂಡಲೇ ಬಂಕು, ಲೀಟರಿಗೆ ನಾಕೈದು ರೂಪಾಯಿ ಉಳಿತಾಯ. ಅವನು, ‘ದಮ್ಮಾಮದಾಗೂ ಹಾಂಗೇ ಕಾಕಾ, ಅವರು ಸಮುದ್ರದ ಮ್ಯಾಲಿನ ಬ್ರಿಜ್ ದಾಟಿ ಬಹ್ರೈನಕ್ಕ ಹೋಗ್ತಾರ’ ಅಂದ. ಪೆಟ್ರೋಲಿಗಾ ಅಂತ ನಮ್ಮವರು ಕೇಳಿದರು. ಅಲ್ಲವಂತೆ. ಯಾತಕ್ಕೆ ಅಂತ ಹೆಂಗಸರ ಮುಂದೆ ಹೇಳಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಹಿತ್ತಲಲ್ಲಿ ಗೌಂಡಿ ಬಚ್ಚಲಮನೆ ಕಟ್ಟುತ್ತಿದ್ದ. ಹನ್ನೆರಡು ಹೊಡೆದ ಕೂಡಲೇ ಸೌದಿ ಗೋಡೆ ಮೇಲಿಂದ ಕೂಗಿದ: ‘ಅಣ್ಣಾ, ಕೆಲಸಾ ಬಂದ್ ಮಾಡು, ಮೂರರ ತನಕಾ ಬಿಸಲಾಗ ನಿಂದರಬ್ಯಾಡ. ಅಲ್ಲಿ ಜೂನ್ ಹದಿನೈದರಿಂದ ಸಪ್ಟೆಂಬರ್ ಹದಿನೈದರ ತನಕಾ ಕಾಯದೇನೇ ಅದ, ಬಿಸಲಾಗ ಕೆಲಸಾ ಮಾಡಿಸಿದ್ರ ಕಂಪನಿಗಿ ದಂಡ.’ ಗೌಂಡಿ ಕರಣೆ ಕೆಳಗಿಟ್ಟು, ‘ಹೌದ್ರಿ? ಮೂರು ತಾಸಿನ ಪಗಾರ ಯಾರು ಕೊಡ್ತಾರ, ನೀವೋ, ಅಕ್ಕನೋ?’ ಅಂದ. ಸೌದಿಯೂ ನನ್ನ ಕಡೆ ನೋಡಿದ. ನಾನು ಒಲೆ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಬಂದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅಲ್ಲಿಂದ ಅತ್ತರು, ಖಜೂರ, ಹೊರಲಾರದ ಮಿಂಕ್ ರಗ್ಗು ತರುವ ಮಂದಿ ಈ ಒಂದು ಕಾಯದೆಯನ್ನೂ ಕಾರ್ಟನ್ನಿಗೆ ಹಾಕಿ, ಹಗ್ಗ ಬಿಗಿದು ತಂದಿದ್ದರೆ ತಾಂಡೂರಿನ ಖಣಿಯಲ್ಲಿ ಫರ್ಶಿ ಎಬ್ಬಿಸುವವರು ಬದುಕಿಕೊಳ್ಳುತ್ತಿದ್ದರು.

ಕಾಗದ ಪತ್ರದ ಪಾಡು ಹೇಳಿದರೆ ನಗು ಬರುತ್ತದೆ. ಅವನು ಹೋದದ್ದು ಆಂಧ್ರಪ್ರದೇಶದ ಮೆದಕ್ ಜಿಲ್ಲೆಯಿಂದ. 2014ರ ಜೂನ್ 2ಕ್ಕೆ ತೆಲಂಗಾಣ ಆಯಿತು, 2016ರ ದಸರೆಗೆ ಸಂಗಾರೆಡ್ಡಿ ಜಿಲ್ಲೆ ಆಯಿತು. ಬಂದವನು ಇಳಿದದ್ದು ಅದೇ ಓಣಿಗೆ, ವಿಳಾಸ ಮಾತ್ರ ಬೇರೆ. ಮನೆಯಲ್ಲಿ ಬಿಟ್ಟುಹೋದ ಮೋಟರ್‌ಸೈಕಲ್ಲಿನ ನಂಬರು ಎಪಿ 23. ಈಗ ಹೊಸ ಗಾಡಿಗೆ ಟಿಜಿ 15. ನಡುವೆ ಟಿಎಸ್ ಅಂತ ಒಂದು ಬಂದು ಹೋಯಿತು, ಅದನ್ನು ಅವನು ಕಂಡದ್ದು ರಜೆಗೆ ಬಂದಾಗಷ್ಟೇ. ಹೊಲದ ಪಾಸ್‌ಬುಕ್ಕು ಅವನು ಹೋದಾಗ ಒಂದು ಥರ. 2020ಕ್ಕೆ ಜಮೀನಿನ ದಾಖಲೆಗೆ ಧರಣಿ ಪೋರ್ಟಲ್. ಧರಣಿ ಅಂದರೇನು ಅಂತ ಕಲಿಯುವುದರಲ್ಲಿ 2025ಕ್ಕೆ ಭೂಭಾರತಿ. ಎಮ್ಮಾರ್ವೋ, ಅಂದರೆ ತಹಶೀಲ್ದಾರರ ಆಫೀಸಿಗೆ ಹೋದರೆ ತೆಲುಗು ಬೇಕು. ಅವನು ಕ್ಯಾಂಪಿನಲ್ಲಿ ಮಲಯಾಳಂ ಕಲಿತು ತೆಲುಗು ಮರೆತು ಬಂದಿದ್ದಾನೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಆಫೀಸಿಗೆ ಹೋಗುವಾಗ ಹೆಂಡತಿ ಜೊತೆಗೆ. ಆಕೆ ಮಾತಾಡುವುದು, ಈತ ಸಹಿ ಹಾಕುವುದು.

ಆಯಿ ಇದನ್ನೆಲ್ಲ ಕಟ್ಟೆ ಮೇಲಿಂದ ಕೇಳಿ ಎಲೆ ಅಡಿಕೆ ಕುಟ್ಟುತ್ತಾಳೆ. ಆಕೆಗಿದು ಹೊಸತಲ್ಲ. ಮದುವೆಯಾಗಿ ಈ ಮನೆಗೆ ಬಂದಾಗ ಜಹೀರಾಬಾದ್ ಬೀದರ ಜಿಲ್ಲೆಯ ತಾಲೂಕು. ನನ್ನ ತವರು ನಾರಾಯಣಖೇಡವೂ ಬೀದರಕ್ಕೇ. ತಾಂಡೂರು ಗುಲಬರ್ಗಾಕ್ಕೆ. 1956ರ ನವೆಂಬರ್ 1ಕ್ಕೆ ಮೂರೂ ಆಂಧ್ರಕ್ಕೆ ಹೋದವು. ಆಯಿ ಹೊಸ್ತಿಲು ದಾಟಲಿಲ್ಲ, ಜಿಲ್ಲೆ ರಾಜ್ಯ ಎರಡೂ ಬದಲಾದವು. ‘ಲಗ್ನಾ ಆದಾಗ ತವರಮನಿ ಜಿಲ್ಲಾದಾಗೇ ಇತ್ತು. ವರ್ಷ ತುಂಬಾದ್ರಾಗ ತವರಮನಿ ಬ್ಯಾರೆ ರಾಜ್ಯ’ ಅನ್ನುತ್ತಾಳೆ. ತವರು ಬೀದರದ ಆಚೆಗೆ, ಹುಮನಾಬಾದ್ ಕಡೆ. ಅದಕ್ಕೂ ಹಿಂದಿನದು ಕೇಳಿದರೆ ದನಿ ಸಣ್ಣದು ಮಾಡುತ್ತಾಳೆ. ರಜಾಕಾರರ ಗದ್ದಲದ ವರ್ಷ ಅಪ್ಪ ಮನೆಗೆ ಕೀಲಿ ಹಾಕಿ ಬಂಡಿ ಕಟ್ಟಿಕೊಂಡು ಸೊಲ್ಲಾಪುರ ಕಡೆ ಹೋದನಂತೆ. ಆಗ ಅದು ಬೇರೆ ಸರ್ಕಾರ, ಬೇರೆ ರೊಕ್ಕ, ಸರಹದ್ದಿಗೆ ಕಾವಲು. 1948ರ ಸಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ತಿರುಗಿ ಬಂದರೆ ಮನೆಯಲ್ಲಿ ಹಗೇವಿನ ಜೋಳ ಇಲ್ಲ, ಬಾಜೂ ಓಣಿಯವರೂ ಇಲ್ಲ. ಮೊದಲು ಒಂದು ಕಡೆಯವರು ಊರು ಬಿಟ್ಟರು, ಆಮೇಲೆ ಇನ್ನೊಂದು ಕಡೆಯವರು. ‘ಬಂದವರು ಬಂದ್ರು, ಹೋದವರು ಹೋದ್ರು. ಯಾವಾಗ ಬಂದಿ ಅಂತ ಯಾರೂ ಯಾರಿಗಿ ಕೇಳಲಿಲ್ಲವ್ವಾ’ ಅಂದಳು ಆಯಿ. ನಾನು ಮುಂದೆ ಕೆದಕಲಿಲ್ಲ.

ನಾರಾಯಣಖೇಡದ ತಾಂಡಾಗಳವರನ್ನೂ ಯಾರೂ ಕೇಳುವುದಿಲ್ಲ. ಅವರು ವರ್ಷ ವರ್ಷ ದೀಪಾವಳಿ ಆಸುಪಾಸು ಕಬ್ಬು ಕಡಿಯಲು ಹೆಂಡತಿ ಮಕ್ಕಳು, ಕೋಳಿ, ಗಂಟು ಗದಡಿ ಸಮೇತ ಹೋಗುವವರು. ಯುಗಾದಿಯ ಹೊತ್ತಿಗೆ ಬಂದು ಬೀಗ ತೆಗೆದು ಕಸ ಹೊಡೆದರೆ ಮುಗಿಯಿತು. ಮಕ್ಕಳ ಓದು ಅರ್ಧಕ್ಕೆ ನಿಂತದ್ದು ಮಾತ್ರ ಮತ್ತೆ ಕೂಡುವುದಿಲ್ಲ. ವಿಮಾನ ಹತ್ತಿ ಹೋದವನಿಗಷ್ಟೇ ಊರು ಲೆಕ್ಕ ಕೇಳುತ್ತದೆ.

ಸರ್ಕಾರದ ಲೆಕ್ಕವೂ ಹಾಗೇ. ಕೊಲ್ಲಿ ದೇಶದಲ್ಲಿ ದುಡಿಯುತ್ತಾ ಸತ್ತವರ ಮನೆಯವರಿಗೆ 5 ಲಕ್ಷ ರೂಪಾಯಿ ಕೊಡುವುದಾಗಿ 2024ರಲ್ಲಿ ತೆಲಂಗಾಣ ಸರ್ಕಾರ ಆದೇಶ ಮಾಡಿತು. ಒಳ್ಳೆಯದೇ ಆಯಿತು. ಪೆಟ್ಟಿಗೆ ಕಾಯುತ್ತಾ ಶಂಷಾಬಾದ್ ವಿಮಾನ ನಿಲ್ದಾಣದ ಹೊರಗೆ ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು. ಜೀವಂತ ಬಂದವನಿಗೂ ಏನಾದರೂ ಬೇಕಲ್ಲ? ಕೇರಳದಲ್ಲಿ ನೋರ್ಕಾ ಅಂತ ಇದೆ, ತಿರುಗಿ ಬಂದವರು ಅಂಗಡಿ ಮುಂಗಟ್ಟು ಇಡಲು ಸಾಲ, ಅದಕ್ಕೆ ಸಬ್ಸಿಡಿ. ಅನಿವಾಸಿಗಳ ಕಲ್ಯಾಣ ಮಂಡಳಿಗೆ ವಂತಿಗೆ ಕಟ್ಟಿದವರಿಗೆ ಮುಪ್ಪಿನಲ್ಲಿ ಪಿಂಚಣಿ. ಸೌದಿಗೆ ಇದನ್ನೆಲ್ಲ ಹೇಳಿದವನು ಕ್ಯಾಂಪಿನ ಮಲಯಾಳಿ ಗೆಳೆಯ. ‘ಅಂವಾ ಬರಾಕಿಂತ ಮೊದಲೇ ಅರ್ಜಿ ತುಂಬಿದ್ದ ಅಕ್ಕಾ, ನಾ ರಗ್ಗು ಕಟ್ಟಲತ್ತಿದ್ದೆ’ ಅಂದ.

ಅವನು ಎಮ್ಮೆ ಸಾಕಿದ್ದು ಆರು ತಿಂಗಳೂ ನಡೆಯಲಿಲ್ಲ. ಎಮ್ಮೆಗೆ ಮಲಯಾಳಂ ತಿಳಿಯಲಿಲ್ಲ ಅನ್ನುವುದು ಓಣಿಯವರ ಮಾತು. ಹಿಂಡಿ ದುಬಾರಿ ಆಯಿತು ಅನ್ನುವುದು ಆ ಮನೆಯಾಕೆಯ ಮಾತು. ನಾನು ಎರಡನೆಯದನ್ನು ನಂಬುತ್ತೇನೆ. ಎಳ್ಳಮಾಸೆಗೆ ಹೊಲಕ್ಕೆ ಎಲ್ಲರೂ ಕೂಡಿ ಹೋದೆವು, ಜೋಳದ ನಡುವೆ ಕೊಂಪೆ ಹಾಕಿ ಭಜ್ಜಿ, ರೊಟ್ಟಿ, ಅಂಬಲಿ ಉಂಡೆವು. ಅಲ್ಲಿ ಹೊಲ ಪಾಲಿಗೆ ಮಾಡುವವನು ಮಣ್ಣು, ಬೀಜ, ಪಾಲು ಎಲ್ಲದಕ್ಕೂ ಇವನನ್ನು ದಾಟಿ ಆಕೆಯನ್ನು ಕೇಳುತ್ತಿದ್ದ. ಸೌದಿ ಸುಮ್ಮನೆ ಕೂತು ಕೇಳಿದ. ಆಮೇಲೆ ಎದ್ದು ಎಲ್ಲರ ಗಂಗಾಳ ತೊಳೆಯಲು ಹೋದ. ಆ ದಿನ ಅವನ ತಲೆಯಲ್ಲಿ ಏನು ಬಂತೋ, ಮರುವಾರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಹಿಡಿದ. ಬಾಡಿಗೆ ಮಾತಾಡಿದ್ದು ಹೆಂಡತಿ, ಡ್ವಾಕ್ರಾ ಸಂಘದಿಂದ ಸಾಲ ಎತ್ತಿದ್ದೂ ಆಕೆಯೇ. ಫ್ರಿಜ್ಜು, ಎಸಿ, ಕೂಲರ್ ರಿಪೇರಿ. ಮಗ ಕಾಲೇಜು ಮುಗಿಸಿ ಸಂಜೆಗೆ ಹೋಗಿ ಪಾನಾ ಸ್ಕ್ರೂಡ್ರೈವರ್ ಎತ್ತಿಕೊಡುತ್ತಾನೆ. ಈಗೀಗ ‘ಊಟಾತು ಪಪ್ಪಾ’ದ ಆಚೆಗೂ ಮಾತು ನಡೆಯುವುದು ಗೋಡೆ ಈಚೆಗೆ ಕೇಳುತ್ತದೆ, ಬಹುಪಾಲು ಕಂಪ್ರೆಸರಿನ ಮೇಲೆ.

ಜಹೀರಾಬಾದ್ ಕಡೆಯವರಿಗೆ ಒಂದು ಮಾತು. ಎಸಿ, ಫ್ರಿಜ್ ಕೆಟ್ಟರೆ ಅವನಿಗೇ ಹೇಳಿ ಕಳಿಸಿ. ಕೈ ಹಸನು, ದರ ನೆಟ್ಟಗೆ, ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲೇ ಬರುತ್ತಾನೆ. ನೀವು ತಯಾರಿರಿ. ಬಂದವನಿಗೆ ಚಹಾ ಕೊಡಿ, ಮತ್ತೆ ಯಾವಾಗ ಹೋಗ್ತಿ ಅಂತ ಮಾತ್ರ ಕೇಳಬೇಡಿ. ಶುಕ್ರವಾರ ಕರೆಯಬೇಡಿ. ಐತವಾರ ಊರೆಲ್ಲ ಬಂದ್ ಇದ್ದಾಗಲೂ ಅವನ ಮಳಿಗೆ ತೆರೆದಿರುತ್ತದೆ, ಶುಕ್ರವಾರ ಏನೇ ಆಗಲಿ ತೆರೆಯುವುದಿಲ್ಲ. ಹದಿನಾರು ವರ್ಷದ ರಜೆ, ಅದನ್ನು ಬಿಡಲು ಅವನ ಕೈಯಲ್ಲಿ ಆಗಿಲ್ಲ.